ಖಂಡಸ್ಫುಟಿತ ಜೀರ್ಣೋದ್ಧಾರ: ಬಸದಿಯಿಂದ ವಸ್ತುಸಂಗ್ರಹಾಲಯದವರೆಗೆ

ಜಿನಬಿಂಬದ ಪ್ರತಿಷ್ಠೆಯೆಂಬುದು ಶ್ರಾವಕನ ಬಾಳಿನಲ್ಲಿ ಪುನಃ ಪುನಃ ಒದಗುವ ಸುಯೋಗವಲ್ಲ. ಗರ್ಭಾವತರಣದಿಂದ ಮೊದಲ್ಗೊಂಡು ಮೋಕ್ಷಪರ್ಯಂತ ಪಂಚಕಲ್ಯಾಣ ವಿಧಿಗಳು ನೆರವೇರಿ, ನಿನ್ನೆಯವರೆಗೆ ಶಿಲ್ಪಿಯ ಕೈಯಲ್ಲಿ ಶಿಲೆಯಾಗಿದ್ದುದು ಇಂದು ಪೂಜ್ಯಬಿಂಬವಾಗಿ ಪೀಠವನ್ನೇರುವ ಈ ಮಂಗಳ ಮುಹೂರ್ತದಲ್ಲಿ ಭವ್ಯಜನರ ಮನಸ್ಸು ಆ ವೈಭವದಲ್ಲಿಯೇ ನೆಲೆಗೊಂಡಿರುವುದು ಸಹಜವಾಗಿದೆ. ಆದರೆ ಇತಿಹಾಸದ ವಿದ್ಯಾರ್ಥಿಯಾದವನಿಗೆ ಇಂತಹ ಸಂದರ್ಭದಲ್ಲಿ ಮತ್ತೊಂದು ವಿಚಾರವೂ ಹೊಳೆಯುತ್ತದೆ. ಪ್ರತಿಷ್ಠೆಯ ಮರುದಿನದಿಂದ ಈ ಬಿಂಬವನ್ನು ಯಾರು ನೋಡಿಕೊಳ್ಳುವರು? ಐವತ್ತು ವರ್ಷಗಳ ಬಳಿಕ, ಐನೂರು ವರ್ಷಗಳ ಬಳಿಕ, ಇಂದಿನ ದಾನಿಗಳೂ ಅವರ ಮಕ್ಕಳೂ ಇಲ್ಲದ ಕಾಲದಲ್ಲಿ, ಇದರ ಕುಲಗೋತ್ರವನ್ನು ಹೇಳುವವರು ಯಾರು?

ಈ ಪ್ರಶ್ನೆ ಹೊಸದೇನೂ ಅಲ್ಲ. ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಯೋಚಿಸಿದ್ದರು. ಅದಕ್ಕೆ ಉತ್ತರವನ್ನೂ ಕಲ್ಲಿನಲ್ಲಿ, ತಾಮ್ರದಲ್ಲಿ ಬರೆಯಿಸಿಟ್ಟಿದ್ದರು. ಕಾಲಾನಂತರದಲ್ಲಿ ಆ ಉತ್ತರದ ಒಂದು ಭಾಗವನ್ನು ಸರ್ಕಾರವು ತನ್ನ ವಸ್ತುಸಂಗ್ರಹಾಲಯಗಳ ಮೂಲಕ ವಹಿಸಿಕೊಂಡಿತು. ಈ ಎರಡು ಪರಂಪರೆಗಳನ್ನು ಒಂದೆಡೆ ಇಟ್ಟು ನೋಡುವುದೂ, ಅವುಗಳಿಂದ ಇಂದಿನ ನಮಗೆ ಯಾವ ಪಾಠ ದೊರೆಯುವುದೆಂಬುದನ್ನು ತಿಳಿಯುವುದೂ ಪ್ರಕೃತ ಲೇಖನದ ಉದ್ದೇಶ.

ದಾನದೊಳಗಣ ದುರಸ್ತಿಯ ಪಾಲು

ಕರ್ನಾಟಕದ ಜೈನ ದಾನಶಾಸನಗಳನ್ನು ಓದುವವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಚಿರಪರಿಚಿತ. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರುಕುಬಿಟ್ಟುದು. ಮುರಿದುದನ್ನೂ ಬಿರಿದುದನ್ನೂ ಸರಿಪಡಿಸಿ, ಜೀರ್ಣವಾದುದನ್ನು ಎತ್ತಿ ನಿಲ್ಲಿಸುವ ಕಾರ್ಯ ಅದು. ಭೂಮಿಯನ್ನೋ ಸುಂಕದ ಪಾಲನ್ನೋ ಬಸದಿಗೆ ಬಿಡುವಾಗ ದಾನಿಗಳು ಅದರ ವಿನಿಯೋಗವನ್ನು ಸಾಮಾನ್ಯವಾಗಿ ಮೂರು ಬಾಬುಗಳಲ್ಲಿ ಹೇಳುತ್ತಿದ್ದರು: ದೇವರ ಅಷ್ಟವಿಧಾರ್ಚನೆ, ಋಷಿಸಮುದಾಯದ ಆಹಾರದಾನ, ಬಸದಿಯ ಖಂಡಸ್ಫುಟಿತ ಜೀರ್ಣೋದ್ಧಾರ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಬಸದಿ ಹಳೆಯದಾದ ಮೇಲೆ ಎದ್ದ ಚಿಂತೆ ಇದಲ್ಲ. ಕಟ್ಟಡ ಹೊಸದಾಗಿರುವಾಗಲೇ, ಗಾರೆಯಿನ್ನೂ ಒಣಗದಿರುವಾಗಲೇ, ಅದು ಮುಂದೊಮ್ಮೆ ಬಿರಿಯುವುದೆಂಬ ಅರಿವಿನಿಂದ ಏರ್ಪಾಡು ಮಾಡುತ್ತಿದ್ದರು. ಅನಿತ್ಯಾನುಪ್ರೇಕ್ಷೆಯನ್ನು ಚಿಂತಿಸುವ ಸಮಾಜಕ್ಕೆ ಇದು ತಕ್ಕುದಾದ ವಿವೇಕವೇ ಸರಿ.

ಗಂಗ ದೊರೆ ಶ್ರೀಪುರುಷನ ಕಾಲದ ಕ್ರಿ.ಶ. 776ರ ದೇವರಹಳ್ಳಿ ತಾಮ್ರಪಟಗಳು ಇದಕ್ಕೊಂದು ಪ್ರಾಚೀನ ನಿದರ್ಶನ. ಪರಮಗೂಳನ ಮಡದಿ ಕುಂದಾಚ್ಚಿಯು ಶ್ರೀಪುರದ ಉತ್ತರದಿಕ್ಕಿನಲ್ಲಿ ಲೋಕತಿಲಕವೆಂಬ ಜಿನಭವನವನ್ನು ಕಟ್ಟಿಸಿದಳು. ಆ ಬಸದಿಗೆ ಪೊನ್ನಳ್ಳಿ ಎಂಬ ಗ್ರಾಮವನ್ನು ಬಿಡಲಾಯಿತು. ದಾನದ ಉದ್ದೇಶಗಳನ್ನು ಎಣಿಸುವಲ್ಲಿ ದೇವಪೂಜೆಯ ಜೊತೆಯಲ್ಲಿಯೇ ಒಡೆದುದರ ದುರಸ್ತಿಯೂ ಸೇರಿದೆ. ಹನ್ನೆರಡು ಶತಮಾನಗಳಿಗೂ ಹಿಂದೆ ಒಬ್ಬ ಮಹಿಳೆ ಕಟ್ಟಿಸಿದ ಬಸದಿಯ ವಿಷಯವನ್ನು ನಾವಿಂದು ತಿಳಿದಿರುವುದು ಆ ತಾಮ್ರದ ಹಲಗೆಗಳಿಂದ. ದಾನದ ವಿವರವನ್ನು ಬರೆಯಿಸದೆ ಹೋಗಿದ್ದರೆ ಕುಂದಾಚ್ಚಿಯ ಹೆಸರೂ ನಮಗೆ ಉಳಿಯುತ್ತಿರಲಿಲ್ಲ.

ಇನ್ನೂ ಸ್ಪಷ್ಟವಾದ ನಿದರ್ಶನ ವಿಜಯನಗರದ ಬುಕ್ಕರಾಯನ ಕಾಲದ್ದು. ಕ್ರಿ.ಶ. 1368ರ ಶ್ರವಣಬೆಳಗೊಳದ ಶಾಸನವನ್ನು ಜೈನ–ವೈಷ್ಣವ ಸಾಮರಸ್ಯದ ದಾಖಲೆಯೆಂದು ನಾವೆಲ್ಲರೂ ಕೊಂಡಾಡುತ್ತೇವೆ. ಆನೆಯಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳ ಭವ್ಯಜನರು ತಮಗಾದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿದಾಗ, ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಅದೇ ಶಾಸನದ ಮುಂದಿನ ಭಾಗವನ್ನು ಅಷ್ಟಾಗಿ ಯಾರೂ ಎತ್ತಿ ಹೇಳುವುದಿಲ್ಲ. ರಾಜ್ಯದ ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು. ಅದರಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣಬಳಿದು ದುರಸ್ತಿಮಾಡಿಸಬೇಕು. ಈ ಹಣದ ಹೊಣೆಯನ್ನು ವಹಿಸಿಕೊಂಡವನು ತಿರುಮಲೆಯ ತಾತಯ್ಯ, ಅಂದರೆ ಒಬ್ಬ ಶ್ರೀವೈಷ್ಣವ. ಈ ಕಟ್ಟಳೆಯನ್ನು ಮೀರಿದವನು ರಾಜನಿಗೂ ಸಂಘಕ್ಕೂ ಸಮುದಾಯಕ್ಕೂ ದ್ರೋಹಿಯೆಂದು ಶಾಸನವು ಘೋಷಿಸುತ್ತದೆ.

ಇಂದಿನ ಭಾಷೆಯಲ್ಲಿ ಹೇಳುವುದಾದರೆ, ಇದೊಂದು ರಕ್ಷಣಾ ನಿಧಿಯ ನಿಯಮಾವಳಿ. ಹಣದ ಮೂಲ ಯಾವುದು, ಎತ್ತುವವರಾರು, ಮೊದಲ ವೆಚ್ಚ ಯಾವುದು, ಉಳಿಕೆಯ ವಿನಿಯೋಗ ಹೇಗೆ, ತಪ್ಪಿದರೆ ಶಿಕ್ಷೆ ಏನು ಎಂಬ ಐದು ಅಂಶಗಳೂ ಅದರಲ್ಲಿವೆ. ಶಾಸನದಲ್ಲಿ ಹೆಸರಿಸಿರುವ ಕಲ್ಲೆಹವು ನಮ್ಮ ನೆರೆಯ ಮಾಗಡಿ ತಾಲ್ಲೂಕಿನ ಕಲ್ಯ ಗ್ರಾಮವೇ. ಇದೇ ಒಪ್ಪಂದದ ಶಾಸನವು ಅಲ್ಲಿಯೂ ಇದೆ. ಬೆಂಗಳೂರಿನ ಸುತ್ತಣ ಸೀಮೆಯ ಶ್ರಾವಕರು ಹದಿನಾಲ್ಕನೆಯ ಶತಮಾನದಲ್ಲಿಯೇ ಜಿನಾಲಯಗಳ ಪಾಲನೆಯ ಏರ್ಪಾಡಿಗೆ ಕಾರಣರಾದರೆಂಬುದು ಈ ಭಾಗದ ನಮಗೆ ಹೆಮ್ಮೆಯ ಸಂಗತಿ.

ಸರ್ಕಾರವು ಪಾಲಕನಾದ ಬಗೆ

ಆದರೆ ದಾನದ ಭೂಮಿಗಳು ಕೈಬದಲಾದವು. ವರ್ತಕರು ವಲಸೆ ಹೋದರು. ಶ್ರಾವಕರಿಲ್ಲದ ಊರುಗಳಲ್ಲಿ ಬಸದಿಗಳು ಬಿದ್ದವು. ಬಿಂಬಗಳು ಹೊಲದ ಬದುವಿನಲ್ಲಿ, ಕೆರೆಯ ಏರಿಯಲ್ಲಿ, ಬೇಲಿಯ ಮರೆಯಲ್ಲಿ ಉಳಿದವು. ನಿಸಿದಿಗಲ್ಲುಗಳು ಬಟ್ಟೆ ಒಗೆಯುವ ಕಲ್ಲುಗಳಾದವು. ದಾನಿಯೂ ಸಂಘವೂ ಇಲ್ಲದೆಡೆ ಕಾಪಾಡುವವರು ಯಾರು ಎಂಬ ಪ್ರಶ್ನೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸದೊಂದು ಉತ್ತರ ದೊರೆಯಿತು. ಅದು ಸರ್ಕಾರದ ಸಂಗ್ರಹ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವು ಸ್ಥಾಪನೆಯಾದುದು 1865ರಲ್ಲಿ. 1851ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯಕ್ಕೆ ಆದಿಪುರುಷನಾಗಿದ್ದ ವೈದ್ಯಾಧಿಕಾರಿ ಎಡ್ವರ್ಡ್ ಬಾಲ್ಫೋರನ ಸಲಹೆಯನ್ನು ಮೈಸೂರಿನ ಅಂದಿನ ಕಮಿಷನರ್ ಲೆವಿನ್ ಬೌರಿಂಗ್ ಒಪ್ಪಿಕೊಂಡನು. ಮೊದಲು ಅದು ದಂಡಿನ ಹಳೆಯ ಸೆರೆಮನೆಯ ಕಟ್ಟಡದಲ್ಲಿದ್ದಿತು. ಮ್ಯೂಸಿಯಂ ರಸ್ತೆಗೆ ಆ ಹೆಸರು ಬಂದುದು ಅದರಿಂದಲೇ. ಬಳಿಕ 1877ರಲ್ಲಿ, ಈಗ ಕಸ್ತೂರ್ಬಾ ರಸ್ತೆಯೆನಿಸಿಕೊಂಡಿರುವ ಬೀದಿಯಲ್ಲಿ ಕೆಂಪು ಬಣ್ಣದ ಕಂಬಸಾಲಿನ ಕಟ್ಟಡವು ಸಿದ್ಧವಾಯಿತು. ಆರಂಭದಲ್ಲಿ ಅಲ್ಲಿ ಶಿಲ್ಪಗಳಿಗಿಂತ ಹೆಚ್ಚಾಗಿ ಖನಿಜಗಳು, ಪ್ರಾಣಿಪಕ್ಷಿಗಳ ಮಾದರಿಗಳು, ದೇಶದ ಉತ್ಪನ್ನಗಳು ಇದ್ದವು. ಊರಿನ ಜನರು ಅದನ್ನು ‘ತಮಾಷೆ ಬಂಗ್ಲೆ’ ಎಂದು ಕರೆದರು. ತಮಾಷೆಯ ಮನೆಯೊಂದು ಕ್ರಮೇಣ ನಾಡಿನ ನೆನಪಿನ ಮನೆಯಾದ ಕಥೆಯನ್ನು ಆ ಸಂಸ್ಥೆಯ ಚರಿತ್ರೆಯಲ್ಲಿ ಕಾಣಬಹುದು.

ಈ ಬದಲಾವಣೆಗೆ ಕಾರಣವಾದುದು ಶಾಸನಗಳ ಅಧ್ಯಯನ. ಮೇಜರ್ ಡಿಕ್ಸನ್ ತೆಗೆದಿದ್ದ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ಓದಿ ಅನುವಾದಿಸುವ ಕೆಲಸವು ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರ ಪಾಲಿಗೆ ಬಂದಿತು. 1885ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯು ಆರಂಭವಾದ ಮೇಲೆ ಅವರು ತಾಲ್ಲೂಕು ತಾಲ್ಲೂಕುಗಳನ್ನು ಅಲೆದು, ಪ್ರತಿಯೊಂದು ಕಲ್ಲಿನ ಪಡಿಯಚ್ಚನ್ನು ತೆಗೆಯಿಸಿ, ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳನ್ನು ಪ್ರಕಟಿಸಿದರು. ಅವರ 1889ರ ಶ್ರವಣಬೆಳಗೊಳದ ಸಂಪುಟದಲ್ಲಿ 144 ಶಾಸನಗಳಿದ್ದವು, ಆರ್. ನರಸಿಂಹಾಚಾರ್ಯರು 1923ರಲ್ಲಿ ಹೊರತಂದ ಪರಿಷ್ಕೃತ ಸಂಪುಟದಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ 1973ರ ಸಂಪುಟದಲ್ಲಿ 573 ಆದವು. ಕಲ್ಲುಗಳು ಹಿಂದಿನಿಂದಲೂ ಅಲ್ಲಿಯೇ ಇದ್ದವು. ಅವನ್ನು ನೋಡುವ ಕಣ್ಣು ಸೂಕ್ಷ್ಮವಾಗುತ್ತ ಹೋದಂತೆ ಪಟ್ಟಿಯು ಬೆಳೆಯಿತು.

ರೈಸ್ ಅವರ ಸಂಪುಟಗಳನ್ನು ನಾವು ಸಾಮಾನ್ಯವಾಗಿ ಚರಿತ್ರೆಯ ಆಕರವೆಂದು ಭಾವಿಸುತ್ತೇವೆ. ಅವು ಅದಕ್ಕಿಂತ ಮಿಗಿಲಾಗಿ ಒಂದು ಆಸ್ತಿಪಟ್ಟಿ. ಯಾವ ಊರು, ಊರಿನ ಯಾವ ಭಾಗ, ಬಸದಿಯ ಯಾವ ಗೋಡೆ, ಕೆರೆಯ ಯಾವ ಕಡೆ ಎಂಬ ವಿವರವು ಅಲ್ಲಿದೆ. 1905ರಲ್ಲಿ ಪ್ರಕಟವಾದ ಬೆಂಗಳೂರು ಜಿಲ್ಲೆಯ ಸಂಪುಟವನ್ನು ಹಿಡಿದು ಇಂದು ಹುಡುಕಲು ಹೊರಟವರಿಗೆ ಅನೇಕ ಕಲ್ಲುಗಳು ದೊರೆಯುವುದಿಲ್ಲ. ಕಳೆದುಹೋದುದು ಯಾವುದೆಂದು ತಿಳಿಯಲು ಸಾಧ್ಯವಾಗಿರುವುದೂ ಆ ಪಟ್ಟಿ ಇರುವುದರಿಂದಲೇ. ಪಟ್ಟಿಯಲ್ಲಿ ಸೇರದೆ ಹಾಳಾದ ಕಲ್ಲಿಗೆ ಕಳೆದುಹೋಯಿತೆಂಬ ದುಃಖವೂ ಪ್ರಾಪ್ತವಾಗುವುದಿಲ್ಲ.

ಕಾನೂನುಗಳೂ ಒಂದೊಂದಾಗಿ ಬಂದವು. 1878ರ ನಿಧಿ ಕಾಯಿದೆಯು ಭೂಮಿಯಲ್ಲಿ ದೊರೆತ ಬೆಲೆಯುಳ್ಳ ವಸ್ತುವನ್ನು ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. 1904ರ ಪ್ರಾಚೀನ ಸ್ಮಾರಕ ರಕ್ಷಣಾ ಕಾಯಿದೆ, 1958ರ ಕೇಂದ್ರ ಕಾಯಿದೆ, ನಮ್ಮ ರಾಜ್ಯದ 1961ರ ಕಾಯಿದೆಗಳು ಸ್ಮಾರಕಗಳನ್ನು ರಕ್ಷಣೆಗೆ ಒಳಪಡಿಸಿದವು. 1972ರಲ್ಲಿ ಅಂಗೀಕಾರವಾಗಿ 1976ರ ಏಪ್ರಿಲ್ 5ರಂದು ಜಾರಿಗೆ ಬಂದ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಕಾಯಿದೆಯು ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪಗಳನ್ನೂ, ಎಪ್ಪತ್ತೈದು ವರ್ಷಕ್ಕೆ ಕಡಿಮೆಯಿಲ್ಲದ ಮಹತ್ತ್ವದ ಹಸ್ತಪ್ರತಿಗಳನ್ನೂ ಪ್ರಾಚ್ಯವಸ್ತುಗಳೆಂದು ಕರೆದು, ಅವುಗಳಲ್ಲಿ ಅಧಿಸೂಚಿತವಾದ ಬಗೆಗಳನ್ನು ನೋಂದಾಯಿಸುವ ಹೊಣೆಯನ್ನು ಅವನ್ನು ಹೊಂದಿರುವವರ ಮೇಲೆಯೇ ಇರಿಸಿತು. ಇಲ್ಲಿಯೂ ಕಾನೂನು ಮೊದಲು ಕೇಳಿದುದು ಪಟ್ಟಿಯನ್ನೇ.

ಎರಡು ಕಲ್ಲುಗಳು, ಎರಡು ಬಗೆಯ ಪಾಲನೆ

ಕನಕಪುರ ರಸ್ತೆಯ ತಲಘಟ್ಟಪುರದಿಂದ ಪೂರ್ವಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಬೇಗೂರು ಇದೆ. ಗಂಗರ ಕಾಲದ ಆ ಊರಿನ ಎರಡು ಕಲ್ಲುಗಳ ವೃತ್ತಾಂತವು ನಮ್ಮ ವಿಷಯಕ್ಕೆ ಒಳ್ಳೆಯ ಉದಾಹರಣೆ. ಒಂದು, ನಾಗತ್ತರನೆಂಬ ವೀರನು ಬೀರಮಹೇಂದ್ರನ ಸೈನ್ಯದೊಡನೆ ಹೋರಾಡಿ ಮಡಿದುದನ್ನು ಕಂಡರಿಸಿದ ಪ್ರಸಿದ್ಧ ವೀರಗಲ್ಲು. ಆನೆ ಕುದುರೆ ಕಾಲಾಳುಗಳ ಹೋರಾಟವನ್ನು ಅಷ್ಟು ಜೀವಂತವಾಗಿ ತೋರಿಸುವ ಕಲ್ಲುಗಳು ವಿರಳ. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ. ಮತ್ತೊಂದು, ‘ಬೆಂಗಳೂರು’ ಎಂಬ ಊರಿನ ಕಾಳಗವನ್ನು ಹೆಸರಿಸುವ, ಸುಮಾರು ಕ್ರಿ.ಶ. 890ರದೆಂದು ಎಣಿಸಲಾದ ಶಾಸನ. ಅದು ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿಯೇ ಉಳಿದಿದೆ.

ಮೊದಲನೆಯದು ಮಳೆ ಬಿಸಿಲುಗಳಿಂದ ಪಾರಾಯಿತು. ಆದರೆ ತನ್ನ ಊರಿನಿಂದ ದೂರವಾಯಿತು. ಎರಡನೆಯದು ತನ್ನ ನೆಲದಲ್ಲಿಯೇ ನಿಂತಿತು. ಆದರೆ ಅದರ ಯೋಗಕ್ಷೇಮವು ಊರಿನವರ ಅರಿವನ್ನೇ ಅವಲಂಬಿಸಿತು. ಇವೆರಡರಲ್ಲಿ ಯಾವುದು ಮೇಲು ಎಂಬ ವಾದವು ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲೆಲ್ಲ ನಡೆದಿದೆ. ಸಾಧ್ಯವಿದ್ದರೆ ವಸ್ತುವು ತನ್ನ ನೆಲೆಯಲ್ಲಿಯೇ ಇರಲಿ, ಅಲ್ಲಿ ಅಪಾಯವಿದ್ದರೆ ಮಾತ್ರ ಕದಲಿಸಬೇಕು, ಕದಲಿಸಿದರೆ ಎಲ್ಲಿಂದ ಬಂದಿತೆಂಬುದನ್ನು ಕಡ್ಡಾಯವಾಗಿ ಬರೆದಿಡಬೇಕು ಎಂಬುದು ವಿವೇಕಿಗಳ ನಿಲುವು. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನು ನೋಡೋಣ. ಕ್ರಿ.ಶ. 949–50ರ ಈ ಶಾಸನದಲ್ಲಿ ಗಂಗ ಬೂತುಗನೂ ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಬರುತ್ತಾರೆ. ಮಣಲೆರನ ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತುದಕ್ಕೆ ಸ್ಮಾರಕವಾಗಿ ನಿಂತ ಕಲ್ಲು ಅದು. ಅದು ಕೂಡ ಬೆಂಗಳೂರಿನ ಸಂಗ್ರಹದಲ್ಲಿದೆ. ಆತಕೂರಿನ ಹೆಸರು ಅದರ ಜೊತೆಯಲ್ಲಿಯೇ ಬಂದುದರಿಂದ ಅದಿಂದಿಗೂ ಆತಕೂರಿನ ಕಲ್ಲಾಗಿಯೇ ಉಳಿದಿದೆ. ಊರಿನ ಹೆಸರು ಅಳಿಸಿಹೋಗಿದ್ದರೆ ಅದರ ಅರ್ಧ ಮೌಲ್ಯವೂ ಅಳಿಸಿಹೋಗುತ್ತಿದ್ದಿತು.

ನೆಲದಲ್ಲಿ ಉಳಿದ ಕಲ್ಲಿನ ಅಪಾಯವನ್ನು ತಿಳಿಯಲು ಹೆಬ್ಬಾಳದ ನಿದರ್ಶನವೊಂದೇ ಸಾಕು. ಶ್ರೀಪುರುಷನ ಆಳ್ವಿಕೆಯ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ಕಲ್ಲು ಅಲ್ಲಿ ಕಾಣಿಸಿಕೊಂಡುದು 2018ರಲ್ಲಿ, ಚರಂಡಿಯ ಕಾಮಗಾರಿಯ ಸಮಯದಲ್ಲಿ. ಶಾಸನಾಸಕ್ತರ ಕಣ್ಣಿಗೆ ಬೀಳದಿದ್ದರೆ ಬೆಂಗಳೂರಿನ ಅತಿ ಪ್ರಾಚೀನ ಬರಹಗಳಲ್ಲೊಂದು ಮಣ್ಣಿನ ಗಾಡಿಯಲ್ಲಿ ಎಲ್ಲಿಗೋ ಹೋಗುತ್ತಿದ್ದಿತು. ಊರಿನವರು ಅದಕ್ಕೆ ಮಂಟಪ ಕಟ್ಟಿ ನಿಲ್ಲಿಸಿದರು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರು ಸುತ್ತಣ ಶಾಸನಗಳನ್ನು ಮೂರು ಆಯಾಮಗಳ ಗಣಕಚಿತ್ರಗಳಾಗಿ ದಾಖಲಿಸುವ ಕಾರ್ಯವನ್ನು ಕೈಗೊಂಡಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯು ಇಂದು ಇದ್ದಿದ್ದರೆ ಈ ಕೆಲಸವನ್ನು ಕಂಡು ಸಂತೋಷಪಡುತ್ತಿದ್ದಳು. ಪ್ರತಿಯು ಒಂದಕ್ಕಿಂತ ಹೆಚ್ಚು ಕಡೆ ಇದ್ದರೆ ಅಳಿವಿನ ಭಯ ಕಡಿಮೆಯೆಂಬ ತತ್ತ್ವ ಆಕೆಗೆ ತಿಳಿದಿದ್ದಿತು.

ತಲಘಟ್ಟಪುರಕ್ಕೂ 2021ರ ಜನವರಿಯಲ್ಲಿ ಮೆಟ್ರೊ ರೈಲು ಬಂದಿತು. ಹೊಲಗಳಿದ್ದೆಡೆ ಬಡಾವಣೆಗಳು ಎದ್ದಿವೆ. ಹೊಸ ಮನೆಗಳ ತಳಪಾಯಕ್ಕೆ ನೆಲ ಅಗೆಯುವಾಗ ಅಕ್ಷರವಿರುವ ಕಲ್ಲೊಂದು ಗುದ್ದಲಿಗೆ ತಗುಲಿದರೆ ಅದನ್ನು ಯಾರು ಗುರುತಿಸುವರು? ಈ ಭಾಗದಲ್ಲಿ ನೆಲಸುತ್ತಿರುವ ಶ್ರಾವಕ ಕುಟುಂಬಗಳಿಗೆ ಈ ಪ್ರಶ್ನೆ ದೂರದ ಇತಿಹಾಸದ್ದಲ್ಲ, ಮನೆಯ ಅಂಗಳದ್ದು.

ಸಂಗ್ರಹಾಲಯದ ಒಳಗಿನ ಕೆಲಸ

ವಸ್ತುಸಂಗ್ರಹಾಲಯವನ್ನು ನೋಡಲು ಹೋದವರಿಗೆ ಕಾಣಿಸುವುದು ಪೀಠದ ಮೇಲಿನ ಶಿಲ್ಪ ಮಾತ್ರ. ಅದರ ಹಿಂದಿರುವ ಕೆಲಸವು ಕಾಣಿಸುವುದಿಲ್ಲ. ವಸ್ತುವೊಂದು ಒಳಗೆ ಬಂದ ಕೂಡಲೆ ಅದನ್ನು ಪ್ರವೇಶ ದಾಖಲೆಪುಸ್ತಕದಲ್ಲಿ ಬರೆಯಬೇಕು. ಕ್ರಮಸಂಖ್ಯೆ, ದೊರೆತ ಸ್ಥಳ, ದೊರೆತ ಬಗೆ, ದಿನಾಂಕ, ಶಿಲೆಯ ಅಥವಾ ಲೋಹದ ಜಾತಿ, ಅಳತೆ, ವಿವರಣೆ, ಆ ದಿನದ ಸ್ಥಿತಿ ಇವೆಲ್ಲವೂ ಅದರಲ್ಲಿರಬೇಕು. ಕ್ರಮಸಂಖ್ಯೆಯನ್ನು ವಸ್ತುವಿನ ಕಣ್ಣಿಗೆ ಬೀಳದ ಭಾಗದಲ್ಲಿ, ಮೂಲಕ್ಕೆ ಹಾನಿಯಾಗದಂತೆ ಬರೆಯಬೇಕು. ಹಲವು ಕೋನಗಳಿಂದ ಛಾಯಾಚಿತ್ರ ತೆಗೆದಿಡಬೇಕು. ವರ್ಷಕ್ಕೊಮ್ಮೆಯಾದರೂ ಪುಸ್ತಕವನ್ನು ಹಿಡಿದು ವಸ್ತುಗಳನ್ನು ಎಣಿಸಬೇಕು. ಅಧಿಕಾರಿ ಬದಲಾದಾಗ ಎಣಿಸಿಯೇ ವಹಿಸಿಕೊಡಬೇಕು. ಸರ್ಕಾರಿ ಸಂಗ್ರಹದ ಪಾಲಕನು ಅದರ ಒಡೆಯನಲ್ಲ. ಒಡೆಯರಾದ ಸಾರ್ವಜನಿಕರ ಪರವಾಗಿ ಹಿಡಿದಿಟ್ಟುಕೊಂಡವನು. ಆದುದರಿಂದಲೇ ಅವನಿಗೆ ಲೆಕ್ಕವು ಅನಿವಾರ್ಯ.

ಇನ್ನು ವಸ್ತುವಿನ ಆರೋಗ್ಯದ ವಿಚಾರ. ಕಲ್ಲಿಗೆ ತೇವ ಮತ್ತು ಉಪ್ಪು ಶತ್ರುಗಳು. ತೇವದೊಡನೆ ಒಳಹೊಕ್ಕ ಉಪ್ಪು ಹರಳಾಗುವಾಗ ಮೈಯನ್ನು ಪದರಪದರವಾಗಿ ಉದುರಿಸುತ್ತದೆ. ಪಂಚಲೋಹದ ಬಿಂಬಕ್ಕೆ ಲವಣಾಂಶವೂ ತೇವವೂ ಒಟ್ಟಿಗೆ ತಗುಲಿದರೆ ಹಸಿರು ಪುಡಿಯಂತಹ ರೋಗವು ಹತ್ತಿ ಲೋಹವನ್ನು ತಿನ್ನುತ್ತದೆ. ತಾಳೆಯ ಗರಿಯು ಒಣಗಿ ಬಿರುಸಾಗುತ್ತದೆ. ನಿಂಬೆಹುಲ್ಲಿನ ಎಣ್ಣೆಯನ್ನು ಹದವಾಗಿ ಲೇಪಿಸಿ ಅದಕ್ಕೆ ಮೆದುತನವನ್ನು ಕೊಡುವರು. ಕಾಗದದ ಮೇಲಿನ ಜಲವರ್ಣಕ್ಕೆ ಬೆಳಕೇ ವೈರಿ. ವಸ್ತುಸಂಗ್ರಹಾಲಯದ ಪಕ್ಕದಲ್ಲಿ 1970ರ ದಶಕದಲ್ಲಿ ಎದ್ದ ವೆಂಕಟಪ್ಪ ಚಿತ್ರಶಾಲೆಯು ಕೆ. ವೆಂಕಟಪ್ಪನವರ (1886–1965) ಕೃತಿಗಳಿಗಾಗಿ ನಿರ್ಮಾಣವಾದುದು. ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ಆ ಕಲಾವಿದರ ನೀಲಗಿರಿಯ ಜಲವರ್ಣ ದೃಶ್ಯಗಳಂತಹವನ್ನು ಸುಮಾರು 50 ಲಕ್ಸ್‌ಗಿಂತ ಹೆಚ್ಚಿನ ಬೆಳಕಿಗೆ ಒಡ್ಡಬಾರದೆಂಬುದು ವಸ್ತುಸಂಗ್ರಹಾಲಯಗಳಲ್ಲಿ ರೂಢಿಯಾದ ಮಿತಿ. ಒಮ್ಮೆ ಮಾಸಿದ ಬಣ್ಣವು ಯಾವ ಉಪಾಯದಿಂದಲೂ ಮರಳಿ ಬಾರದು.

ಆ ಚಿತ್ರಶಾಲೆಯ ವಿಷಯದಲ್ಲಿ 2016ರಲ್ಲಿ ಎದ್ದ ಚರ್ಚೆಯನ್ನೂ ಇಲ್ಲಿ ಸ್ಮರಿಸಬೇಕು. ಅದರ ನಿರ್ವಹಣೆಯನ್ನು ಒಂದು ಖಾಸಗಿ ಪ್ರತಿಷ್ಠಾನಕ್ಕೆ ದತ್ತು ಕೊಡುವ ಏರ್ಪಾಡನ್ನು ಬೆಂಗಳೂರಿನ ಕಲಾವಿದರು ಒಟ್ಟಾಗಿ ವಿರೋಧಿಸಿದರು. ಸಾರ್ವಜನಿಕ ಸಂಗ್ರಹಕ್ಕೆ ದಾನಿಯ ಹಣ ಬೇಡವೆಂದು ವಿವೇಕಿಗಳಾರೂ ಹೇಳಲಾರರು. ಹಣವಿಲ್ಲದೆ ಸುಣ್ಣವೂ ಇಲ್ಲ, ಕಾವಲೂ ಇಲ್ಲ. ಆದರೆ ಹಣ ಕೊಟ್ಟವರ ಅಧಿಕಾರ ಎಲ್ಲಿಯವರೆಗೆ, ಸಾರ್ವಜನಿಕರ ಹಕ್ಕು ಎಲ್ಲಿಂದ ಎಂಬುದನ್ನು ಮೊದಲೇ ಬರೆದಿಡಬೇಕು. 1368ರ ಬೆಳಗೊಳದ ಶಾಸನದಲ್ಲಿ ಅದು ಬರೆದಿದೆ. ಹಣವನ್ನು ಎತ್ತುವವನು ಅನ್ಯಮತೀಯನಾಗಿದ್ದರೂ ಯಾರಿಗೂ ಶಂಕೆ ಬಾರದಂತೆ ವಿನಿಯೋಗದ ದಾರಿಯು ಕಲ್ಲಿನ ಮೇಲೆ ಎಲ್ಲರ ಕಣ್ಣೆದುರಿಗೆ ನಿಂತಿದ್ದಿತು. ಆರೂವರೆ ಶತಮಾನಗಳ ಬಳಿಕವೂ ಸರ್ಕಾರಗಳೂ ಸಂಸ್ಥೆಗಳೂ ಅದರಿಂದ ಕಲಿಯಬಹುದು.

ಪೂಜೆಯೂ ಪಾಲನೆಯೂ

ನಮ್ಮವರಲ್ಲಿ ಕೆಲವರಿಗೆ ಒಂದು ನೋವು ಉಂಟು. ಅಭಿಷೇಕವಿಲ್ಲದೆ, ಆರತಿಯಿಲ್ಲದೆ, ಗೋಡೆಯ ಬಳಿ ಸಂಖ್ಯೆಯ ಚೀಟಿಯೊಡನೆ ನಿಂತ ತೀರ್ಥಂಕರನ ಮೂರ್ತಿಯನ್ನು ಕಂಡಾಗ ಶ್ರಾವಕನ ಕಣ್ಣು ಒದ್ದೆಯಾಗುವುದು ಅಸಹಜವಲ್ಲ. ಅದು ಗೌರವಿಸತಕ್ಕ ಭಾವನೆ. ಆದರೆ ಆ ಮೂರ್ತಿಯು ಅಲ್ಲಿಗೆ ಬರುವ ಮುನ್ನ ಎಲ್ಲಿದ್ದಿತೆಂಬುದನ್ನೂ ನೆನೆಯಬೇಕು. ಭಗ್ನವಾದ ಬಿಂಬವು ಪೂಜೆಗೆ ಸಲ್ಲದೆಂಬುದು ನಮ್ಮಲ್ಲಿ ನಡೆದುಬಂದ ಸಂಪ್ರದಾಯ. ಶಿರವಿಲ್ಲದ, ಭುಜ ಮುರಿದ ಜಿನಮೂರ್ತಿಯನ್ನು ಹೊಲದಿಂದ ಎತ್ತಿ ತಂದು, ಮಾಡಿನ ಕೆಳಗೆ ನಿಲ್ಲಿಸಿ, ಅದಕ್ಕೊಂದು ಹೆಸರು ಕೊಟ್ಟುದು ವಸ್ತುಸಂಗ್ರಹಾಲಯವೇ. ಪೂಜೆಯ ಹೊಣೆಯನ್ನು ಅದು ಹೊರಲಾರದು. ಆದರೆ ಅನಾಥವಾದುದನ್ನು ಅನಾಥವೆಂದು ಬಿಡಲಿಲ್ಲ.

ಪೂಜೆ ನಡೆಯುವ ಸ್ಮಾರಕಗಳಲ್ಲಿ ಎರಡು ಹೊಣೆಗಳೂ ಒಟ್ಟಾಗಿ ಸಾಗುವುದಕ್ಕೆ ಶ್ರವಣಬೆಳಗೊಳವೇ ಸಾಕ್ಷಿ. ವಿಂಧ್ಯಗಿರಿಯ ಗೊಮ್ಮಟೇಶ್ವರ ಮೂರ್ತಿಯು ಕೇಂದ್ರ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಮಹಾಮಸ್ತಕಾಭಿಷೇಕವು ಶ್ರೀಮಠದ ನೇತೃತ್ವದಲ್ಲಿ ಜರುಗುತ್ತದೆ. 2006ರಲ್ಲಿಯೂ 2018ರಲ್ಲಿಯೂ ಲಕ್ಷಾಂತರ ಭಕ್ತರು ಅದನ್ನು ಕಂಡು ಧನ್ಯರಾದರು. ಪೂಜಾಸ್ಥಾನವಾದ ರಕ್ಷಿತ ಸ್ಮಾರಕವನ್ನು ಅದರ ಸ್ವರೂಪಕ್ಕೆ ವಿರುದ್ಧವಾಗಿ ಬಳಸಬಾರದೆಂದು 1958ರ ಕಾಯಿದೆಯೇ ಹೇಳುತ್ತದೆ. ಸರ್ಕಾರದ ರಕ್ಷಣೆಯೆಂದರೆ ಧರ್ಮಕಾರ್ಯಕ್ಕೆ ಅಡ್ಡಿಯೆಂಬ ಭಯವು ಪೂರ್ಣ ಸತ್ಯವಲ್ಲವೆಂಬುದಕ್ಕೆ ಇದೊಂದು ಆಧಾರ.

ಇದಕ್ಕೆ ಪ್ರತಿಯಾಗಿ, ನಮ್ಮ ಕೈಯಲ್ಲಿಯೇ ಇರುವ ಬಸದಿಗಳ ವಿಷಯದಲ್ಲಿ ನಾವು ಎಷ್ಟು ಎಚ್ಚರದಿಂದಿದ್ದೇವೆ? ಕೆಲವು ವರ್ಷಗಳ ಹಿಂದೆ ನಾನೊಂದು ಹಳೆಯ ಬಸದಿಗೆ ಹೋಗಿದ್ದೆನು. ಹಿಂದೊಮ್ಮೆ ನೋಡಿ, ಓದಿ, ಅರ್ಧ ಬರೆದುಕೊಂಡಿದ್ದ ಪೀಠದ ಬರಹವನ್ನು ಪೂರ್ಣಗೊಳಿಸಬೇಕೆಂಬ ಆಸೆ ಇದ್ದಿತು. ಅಷ್ಟರಲ್ಲಿ ಜೀರ್ಣೋದ್ಧಾರವಾಗಿತ್ತು. ಪೀಠದ ಮುಂಭಾಗಕ್ಕೆ ನುಣುಪಾದ ಗ್ರಾನೈಟ್ ಹಲಗೆಯನ್ನು ಸಿಮೆಂಟಿನಿಂದ ಅಂಟಿಸಿದ್ದರು. ಅದರ ಮೇಲೆ ಹೊಸ ದಾನಿಗಳ ಹೆಸರುಗಳು ಚಿನ್ನದ ಬಣ್ಣದಲ್ಲಿ ಹೊಳೆಯುತ್ತಿದ್ದವು. ಹಳೆಯ ದಾನಿಯ ಹೆಸರು ಅದರ ಹಿಂದೆ ಶಾಶ್ವತವಾಗಿ ಅಡಗಿಹೋಯಿತು. ಅಲ್ಲಿಯವರ ಭಕ್ತಿಯಲ್ಲಿ ಲೋಪವಿರಲಿಲ್ಲ. ಯಾರೂ ಕೆಟ್ಟ ಉದ್ದೇಶದಿಂದ ಮಾಡಿದುದೂ ಅಲ್ಲ. ನನ್ನ ಟಿಪ್ಪಣಿಯ ಪುಸ್ತಕದಲ್ಲಿ ಆ ಬರಹವು ಇಂದಿಗೂ ಅರ್ಧವೇ ಇದೆ. ಮೊದಲ ಭೇಟಿಯಲ್ಲಿಯೇ ಛಾಯಾಚಿತ್ರವನ್ನು ತೆಗೆದುಕೊಳ್ಳದ ನನ್ನ ಅಲಸಿಕೆಯೂ ಆ ನಷ್ಟದಲ್ಲಿ ಪಾಲುಗೊಂಡಿದೆಯೆಂದು ಒಪ್ಪಿಕೊಳ್ಳುತ್ತೇನೆ.

ಕಳವಿನ ಭಯವೂ ಸಣ್ಣದಲ್ಲ. 2013ರಲ್ಲಿ ಮೂಡುಬಿದಿರೆಯ ಗುರು ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳುವಾದಾಗ ಇಡೀ ಸಮಾಜವು ತಲ್ಲಣಿಸಿತು. ಪೊಲೀಸರ ಶೋಧದಿಂದ ಅವುಗಳಲ್ಲಿ ಅನೇಕವು ಮರಳಿ ದೊರೆತವು. ಕಳುವಾದ ಬಿಂಬವು ಎಲ್ಲಿಯೋ ಪತ್ತೆಯಾದಾಗ ಅದು ನಮ್ಮದೆಂದು ತೋರಿಸಲು ಬೇಕಾದುದು ಅಳತೆ, ತೂಕ, ಲಾಂಛನ, ಪೀಠಲೇಖ, ಛಾಯಾಚಿತ್ರಗಳು. ಸಾಂಸ್ಕೃತಿಕ ಸೊತ್ತಿನ ಅಕ್ರಮ ಸಾಗಾಣಿಕೆಯನ್ನು ತಡೆಯುವ 1970ರ ಯುನೆಸ್ಕೊ ಒಡಂಬಡಿಕೆಯನ್ನು ಭಾರತವು 1977ರಲ್ಲಿ ಸ್ಥಿರೀಕರಿಸಿತು. ಆದರೆ ವಿದೇಶದ ನ್ಯಾಯಾಲಯದ ಮುಂದೆ ಭಕ್ತಿಯು ಸಾಕ್ಷಿಯಾಗಲಾರದು; ದಾಖಲೆಯೇ ಸಾಕ್ಷಿ.

ನಾವು ಮಾಡಬಹುದಾದುದು

ಇಷ್ಟನ್ನು ಹೇಳಿದ ಮೇಲೆ ಕೆಲವು ಸೂಚನೆಗಳನ್ನು ಧರ್ಮಬಂಧುಗಳ ಮುಂದಿರಿಸುವುದು ಉಚಿತವೆಂದು ಭಾವಿಸುತ್ತೇನೆ. ಪ್ರತಿಯೊಂದು ಬಸದಿಯಲ್ಲಿಯೂ ಒಂದು ದಾಖಲೆಪುಸ್ತಕವಿರಲಿ. ಮೂಲನಾಯಕನಿಂದ ಹಿಡಿದು ಚಿಕ್ಕ ಯಕ್ಷಿಯವರೆಗೆ, ಗಂಟೆ ದೀಪಗಳವರೆಗೆ, ಓಲೆಗರಿಯ ಕಟ್ಟುಗಳವರೆಗೆ ಎಲ್ಲವೂ ಅದರಲ್ಲಿ ಅಳತೆ ಛಾಯಾಚಿತ್ರಗಳೊಡನೆ ಸೇರಲಿ. ಆ ಪುಸ್ತಕದ ಒಂದು ಪ್ರತಿ ಬಸದಿಯ ಹೊರಗೆ ಬೇರೊಂದು ಸುರಕ್ಷಿತ ಸ್ಥಳದಲ್ಲಿರಲಿ. ಕಾಯಿದೆಯಂತೆ ನೋಂದಾಯಿಸಬೇಕಾದುದನ್ನು ನೋಂದಾಯಿಸಲಿ. ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ಪುರಾತತ್ತ್ವ ಇಲಾಖೆಯ ತಜ್ಞರ ಸಲಹೆ ಪಡೆಯಲಿ. ಹಳೆಯ ಗಾರೆಯ ಗೋಡೆಗೆ ಸಿಮೆಂಟನ್ನು ಮೆತ್ತುವುದು, ಶಿಲ್ಪದ ಮೇಲೆ ಮರಳನ್ನು ಹಾಯಿಸಿ ತೊಳೆಯುವುದು, ಶಾಸನದ ಅಕ್ಷರಗಳಿಗೆ ಎಣ್ಣೆಬಣ್ಣ ತುಂಬುವುದು, ಪೀಠಲೇಖವನ್ನು ಹಲಗೆಗಳಿಂದ ಮುಚ್ಚುವುದು ಇವು ನಾಲ್ಕೂ ವರ್ಜ್ಯವೆಂದು ತಿಳಿಯಲಿ. ಹಳೆಯ ಕಲ್ಲನ್ನು ಎಸೆಯುವ ಮುನ್ನ ತಿರುಗಿಸಿ ನೋಡಲಿ. ಅದರ ಹಿಂಬದಿಯಲ್ಲಿ ಬರಹವಿರಬಹುದು. ನೆಲದಲ್ಲಿ ದೊರೆತ ಮೂರ್ತಿಯನ್ನು ಗುಟ್ಟಾಗಿಡದೆ ಅಧಿಕಾರಿಗಳಿಗೆ ತಿಳಿಸಲಿ.

ವರ್ಷಕ್ಕೊಮ್ಮೆ ಪುಸ್ತಕವನ್ನು ಹಿಡಿದು ಎಲ್ಲವನ್ನೂ ತಾಳೆ ನೋಡುವ ಕೆಲಸಕ್ಕೆ ಶ್ರುತಪಂಚಮಿಗಿಂತ ತಕ್ಕ ದಿನ ಮತ್ತೊಂದಿಲ್ಲವೆಂದು ನನ್ನ ಅಭಿಪ್ರಾಯ. ಗುರುಮುಖದಿಂದ ಕೇಳಿಬಂದ ಆಗಮವು ಮರೆತುಹೋಗಬಾರದೆಂದು ಪುಷ್ಪದಂತ ಭೂತಬಲಿ ಆಚಾರ್ಯರು ಅದನ್ನು ಬರಹಕ್ಕೆ ಇಳಿಸಿದ ಸ್ಮರಣೆಯ ಪರ್ವವದು. ಜ್ಞಾನವನ್ನು ಉಳಿಸಲು ಬರೆದಿಡಬೇಕೆಂಬ ಮಾತನ್ನು ನಮ್ಮ ಧರ್ಮಕ್ಕೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಅಂದು ಜಿನವಾಣಿಯನ್ನು ಪೂಜಿಸಿದ ಬಳಿಕ ಬಸದಿಯ ದಾಖಲೆಪುಸ್ತಕವನ್ನು ತೆರೆದು, ಯುವಕ ಯುವತಿಯರ ಕೈಯಲ್ಲಿ ಅದನ್ನಿತ್ತು, ಒಂದೊಂದು ಬಿಂಬದ ಮುಂದೆಯೂ ನಿಂತು ಓದಿಸಿದರೆ, ಪಟ್ಟಿಯೂ ಉಳಿಯುವುದು, ಮುಂದಿನ ಪೀಳಿಗೆಗೆ ಲಾಂಛನಗಳ ಗುರುತೂ ಆಗುವುದು.

ಇನ್ನು ಹೊಸ ಪ್ರತಿಷ್ಠೆಯ ವಿಷಯ. ಬಿಂಬದ ಪೀಠದ ಮೇಲೆ ಪ್ರತಿಷ್ಠೆಯ ದಿನ, ಊರು, ಶಿಲ್ಪಿಯ ಹೆಸರು, ದಾನಿಯ ಹೆಸರುಗಳನ್ನು ಕನ್ನಡದಲ್ಲಿ ಕೊರೆಯಿಸಬೇಕು. ಹಳೆಯ ಶಿಲ್ಪಿಗಳ ಹೆಸರುಗಳು ನಮಗೆ ಅಲ್ಲೊಂದು ಇಲ್ಲೊಂದು ದೊರೆಯುವುದರಿಂದಲೇ ನಾವು ಅವರಿಗೆ ಋಣಿಗಳು. ಉತ್ಸವದ ಆಯವ್ಯಯದಲ್ಲಿ ಒಂದು ಪಾಲನ್ನು ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆಂದು ಇಂದೇ ಬೇರೆಯಿಡಬೇಕು. ಅದರ ವಿನಿಯೋಗದ ಕ್ರಮವನ್ನು ಬರೆದು ಎಲ್ಲರಿಗೂ ಕಾಣುವಂತೆ ನಿಲ್ಲಿಸಬೇಕು. ಮನೆಗೊಂದು ಹಣವೆಂಬ 1368ರ ಲೆಕ್ಕವು ಇಂದಿಗೂ ಒಪ್ಪುವುದೇ.

ಬಸದಿಯನ್ನು ಕಟ್ಟಿದವನ ಪುಣ್ಯವು ದೊಡ್ಡದು. ಅದು ಬಿರಿದಾಗ ಸರಿಪಡಿಸಿದವನ ಪುಣ್ಯವೂ ಅದಕ್ಕೆ ಕಡಿಮೆಯಲ್ಲವೆಂದು ಪೂರ್ವಿಕರು ನಂಬಿದ್ದರು. ಆದುದರಿಂದಲೇ ಮುಂದೆ ಈ ಧರ್ಮವನ್ನು ಪಾಲಿಸುವವರನ್ನು ತಮ್ಮ ಶಾಸನಗಳ ಕೊನೆಯಲ್ಲಿ ಹರಸಿದರು. ಲೋಕತಿಲಕ ಜಿನಭವನದ ಕುಂದಾಚ್ಚಿಯೂ, ಕಲ್ಲೆಹದ ಭವ್ಯಜನರೂ ಇಂದಿನ ನಮ್ಮನ್ನು ಕಾಣದವರು. ಆದರೂ ನಮಗಾಗಿ ಬರೆಯಿಸಿಟ್ಟರು. ನಾವು ಕಾಣದ ಮುಂದಿನವರಿಗಾಗಿ ನಾವೂ ಬರೆಯಿಸಿಡೋಣ. ಈ ಮಂಗಳಾವಸರದಲ್ಲಿ ಪ್ರತಿಷ್ಠಿತವಾಗುವ ಜಿನಬಿಂಬವು ಆಚಂದ್ರಾರ್ಕವಾಗಿ ನಿಲ್ಲಲಿ; ಅದನ್ನು ಪೂಜಿಸುವ ಕೈಗಳೂ, ಅದರ ಲೆಕ್ಕವನ್ನಿಡುವ ಕೈಗಳೂ ಈ ಸಮಾಜದಲ್ಲಿ ಎಂದೆಂದೂ ಒಂದಾಗಿಯೇ ಇರಲಿ.